ಮೊದಲು ಆನ್ ಆದವನೇ ಅಣ್ಣ

ನಿವೃತ್ತರು ಬರೆದ ಅನುಭವ ಕಥನ ಎಂದರೆ ಮುಂದಿನ ರಟ್ಟಿನಲ್ಲಿ ಕನ್ನಡಕ, ಹಿಂದಿನ ರಟ್ಟಿನಲ್ಲಿ ಶಾಲು ಇರಬೇಕು. ನನ್ನ ಹತ್ತಿರ ಎರಡೂ ಇಲ್ಲ. ವಯಸ್ಸು ಮೂವತ್ತೆರಡು. ಮಂಡಿ ಮಾತ್ರ ಏಣಿ ಹತ್ತಿ ಇಳಿದು ಅರವತ್ತು ದಾಟಿದೆ. ಕೂಡ್ಲಿಗಿಯ ಒಂದು ಕೇಬಲ್ ಆಫೀಸಿನಲ್ಲಿ ಇಂಟರ್‌ನೆಟ್ ಲೈನ್ ಎಳೆಯುವ, ಮೋಡೆಮ್ ಕೂಡಿಸುವ ಕೆಲಸದಲ್ಲಿದ್ದೆ. ಈಗ ಗುಡೇಕೋಟೆಯಲ್ಲಿ ಮೈಕ್‌ಸೆಟ್ ಇಟ್ಟುಕೊಂಡಿದ್ದೇನೆ. ನಮ್ಮ ಕಡೆ ಇಂಥವನಿಗೆ ‘ಕೆಲಸ ಬಿಟ್ಟಾನ’ ಅನ್ನುತ್ತಾರೆ. ‘ನಿವೃತ್ತನಾದ’ ಎಂಬ ಮರ್ಯಾದೆ ಪಿಂಚಣಿ ಬರುವವರಿಗೆ ಮಾತ್ರ. ಆದರೂ ನಾನು ನಿವೃತ್ತನೆಂದೇ ಹೇಳಿಕೊಳ್ಳುತ್ತೇನೆ. ಯಾಕೆಂದರೆ ನಾನು ಕೆಲಸ ಬಿಡುವ ಮೊದಲೇ ನನ್ನ ವಿದ್ಯೆ ನನ್ನನ್ನು ಬಿಟ್ಟು ಹೋಗಿತ್ತು. ಆ ವಿದ್ಯೆಯ ಹೆಸರು ಪೋರ್ಟ್ ಫಾರ್ವರ್ಡಿಂಗ್.

ಈಗ ಆ ಆಫೀಸಿಗೆ ಹೊಸ ಹುಡುಗರು ಸೇರಿದ್ದಾರೆ. ಅವರಲ್ಲಿ ಒಬ್ಬ ಮೊನ್ನೆ ನನ್ನ ಅಂಗಡಿಗೆ ಬಂದು, ಅಣ್ಣಾ, ಕೆಲಸ ಹೆಂಗಿರ್ತೈತಿ ಹೇಳು ಅಂದ. ಇದು ಅವನಿಗೆ ಕೊಟ್ಟ ಉತ್ತರ. ಬಡ್ತಿಯ ಸುದ್ದಿ ಇದರಲ್ಲಿ ಇಲ್ಲ. ಸಹಾಯಕನಾಗಿ ಸೇರಿ ಹಿರಿಯ ಸಹಾಯಕನಾದೆ. ಮೊದಲು ಏಣಿಯ ಹಿಂದಿನ ತುದಿ ಹೊರುತ್ತಿದ್ದೆ, ಆಮೇಲೆ ಮುಂದಿನ ತುದಿ. ಅಷ್ಟೇ ವ್ಯತ್ಯಾಸ. ಹೇಳಲೇಬೇಕಾದ್ದು ಕೊಟ್ಟೂರಿನ ಒಂದು ಮನೆಯ ವಿಷಯ. ನಾನು ಕೂಡಿಸಿದ ಒಂದು ಮೋಡೆಮ್ಮಿನಿಂದ ಆ ಮನೆ ಎರಡಾಗುವುದರಲ್ಲಿತ್ತು. ಅಲ್ಲಿಗೆ ಹೋಗುವ ಮೊದಲು ಕೆಲಸದ ಪರಿಚಯ ಸ್ವಲ್ಪ ಆಗಲಿ.

ನಮ್ಮ ಮಾಲೀಕರು ಚನ್ನಬಸಪ್ಪನವರು. ಅವರಿಗೆ ಎಲ್ಲ ರೋಗಕ್ಕೂ ಒಂದೇ ಔಷಧ: ‘ಆಫ್ ಮಾಡಿ ಆನ್ ಮಾಡು ಅಂತ ಹೇಳು.’ ಲೈನ್ ಕಡಿದು ಬಿದ್ದಿದ್ದರೂ ಅದೇ, ಇಲಿ ವೈರ್ ತಿಂದಿದ್ದರೂ ಅದೇ. ಪ್ರತಿ ಮಾತಿಗೂ ಮೊದಲು ಒಮ್ಮೆ ಗಂಟಲು ಸರಿಮಾಡಿಕೊಂಡು ಮೆಲ್ಲಗೆ ಮಾತಾಡುವವರು. ನನಗೆ ಬೇರೆಯವರ ಧ್ವನಿ ತೆಗೆಯುವ ಚಟ. ದೇವರು ನನಗೆ ಸ್ವಂತ ಧ್ವನಿ ಕೊಡುವಾಗ ಕರೆಂಟ್ ಹೋಗಿತ್ತೇನೋ. ಗಿರಾಕಿಗಳು ಬೈಯಲು ಫೋನ್ ಮಾಡಿದಾಗ ನಾನು ಮಾಲೀಕರ ಗಂಟಲಿನಲ್ಲೇ ಉತ್ತರ ಕೊಡುತ್ತಿದ್ದೆ. ಬೈಗುಳ ಅರ್ಧಕ್ಕೆ ಇಳಿಯುತ್ತಿತ್ತು. ಒಮ್ಮೆ ಆಫೀಸಿಗೆ ಫೋನ್ ಬಂತು, ನೋಡದೆ ಎತ್ತಿ ಗಂಟಲು ಸರಿಮಾಡಿಕೊಂಡು, “ಹುಡುಗ ದಾರ್ಯಾಗ ಅದಾನ್ರೀ, ಈಗ ಬಂದ” ಅಂದೆ. ಆ ಕಡೆಯಿಂದಲೂ ಅದೇ ಗಂಟಲು, ಅದೇ ಮೆಲುದನಿ: “ಹಂಗಾದ್ರ ನಾ ಯಾರಪ್ಪ?” ಹರಪನಹಳ್ಳಿಯಲ್ಲಿ ಗಿರಾಕಿಯ ಮನೆಯಲ್ಲಿ ಕುಳಿತು ಮಾಲೀಕರೇ ಮಾಡಿದ ಫೋನ್ ಅದು. ಆ ವಾರ ನನಗೆ ಬಿದ್ದದ್ದೆಲ್ಲ ಹಗರಿಬೊಮ್ಮನಹಳ್ಳಿ ಕಡೆಯ ಕಂಬಗಳು.

ಈಗ ವಿದ್ಯೆಯ ವಿಷಯ. ಮನೆಯ ಮೋಡೆಮ್ ಒಬ್ಬ ಕಾವಲುಗಾರ ಅಂದುಕೊಳ್ಳಿ. ಒಳಗಿನವರು ಹೊರಗೆ ಹೋಗಿ ಬರಲು ಅವನ ಅಡ್ಡಿಯಿಲ್ಲ. ಹೊರಗಿನಿಂದ ತಾವಾಗಿ ಬಂದವರನ್ನು ಮಾತ್ರ ಬಿಡುವುದಿಲ್ಲ. ಮನೆಯ ಕ್ಯಾಮೆರಾವನ್ನು ಪರವೂರಿನಿಂದ ಮೊಬೈಲಿನಲ್ಲಿ ನೋಡಬೇಕೆಂದರೆ ಅವನಿಗೆ ಮೊದಲೇ ಹೇಳಿ ಇಡಬೇಕು: ಇಂಥ ಸಂಖ್ಯೆ ಹೇಳಿಕೊಂಡು ಬಂದವರನ್ನು ಒಳಗೆ ಇಂಥ ನಂಬರಿನವರ ಹತ್ತಿರ ಕಳಿಸು ಅಂತ. ಮೋಡೆಮ್ಮಿನ ಪುಟ ತೆರೆದು ಅಲ್ಲಿರುವ ಖಾನೆಗಳನ್ನು ತುಂಬಿ ಸೇವ್ ಒತ್ತಿದರೆ ಆಯಿತು. ಹೇಳುವುದಕ್ಕೆ ಇಷ್ಟೇ. ನಮ್ಮ ಆಫೀಸಿನಲ್ಲಿ ಇದು ಬರುತ್ತಿದ್ದದ್ದು ನನಗೊಬ್ಬನಿಗೆ. ಹಾಗಾಗಿ ಐದು ತಾಲೂಕಿನಲ್ಲಿ ಮೋಟಾರ್ ಸೈಕಲ್ ಮೇಲೆ ಮೆರೆದೆ.

ಮೆರೆದವನು ಜಾರಿದ್ದು ಹಡಗಲಿಯಲ್ಲಿ. ಮಲ್ಲಿಗೆ ತೋಟದ ಯಜಮಾನರೊಬ್ಬರು ಮನೆ ಮುಂದೆ ಕ್ಯಾಮೆರಾ ಹಾಕಿಸಿದ್ದರು. ಖಾನೆ ತುಂಬಿ, ಅವರ ಅಂಗಳದಲ್ಲೇ ನಿಂತು ಅವರ ಮೊಬೈಲಿನಲ್ಲಿ ತೋರಿಸಿದೆ. ಸ್ಪಷ್ಟವಾಗಿ ಬಂತು. ಚಹಾ ಕುಡಿದು ಬಂದೆ. ಅವರು ಹೂವಿನ ಬುಟ್ಟಿಯೊಂದಿಗೆ ಬಸ್ ಹತ್ತಿ ಊರು ದಾಟಿದರು, ಮೊಬೈಲ್ ಕಪ್ಪಾಯಿತು. ನಾನು ಪರೀಕ್ಷೆ ಮಾಡಿದ್ದು ಅವರದೇ ಮನೆಯ ವೈಫೈನಲ್ಲಿ. ಮನೆಯೊಳಗೆ ನಿಂತವನಿಗೆ ಕಾವಲುಗಾರ ಯಾಕೆ ಅಡ್ಡ ಬರುತ್ತಾನೆ? ಆವತ್ತಿನಿಂದ ವೈಫೈ ಬಂದ್ ಮಾಡಿ, ಮೊಬೈಲಿನ ಡೇಟಾದಲ್ಲಿ ನೋಡದೆ ಚಹಾಕ್ಕೆ ಕೈ ಚಾಚಿದವನಲ್ಲ. ಹೊಸಬರು ಇದೊಂದನ್ನು ನೆನಪಿಟ್ಟುಕೊಂಡರೂ ಸಾಕು.

ಆಮೇಲೆ ಕಾಲ ಬದಲಾಯಿತು. ಮೊದಲು ಪ್ರತಿ ಮನೆಗೂ ಹೊರಗಿನವರಿಗೆ ಕಾಣುವ ಅದರದೇ ವಿಳಾಸ ಸಿಗುತ್ತಿತ್ತು. ಈಗ ಕಂಪನಿಯವರು ಒಂದೇ ವಿಳಾಸದ ಹಿಂದೆ ನೂರಾರು ಮನೆ ಕೂಡಿಸುತ್ತಾರೆ. ಓಣಿಗೆಲ್ಲ ಒಂದೇ ಹೆಬ್ಬಾಗಿಲು, ಅದರ ಕೀಲಿ ನಮ್ಮ ಹತ್ತಿರ ಇಲ್ಲ. ಕ್ಯಾಮೆರಾಗಳೂ ಜಾಣವಾದವು. ಡಬ್ಬಿಯ ಮೇಲಿನ ಕ್ಯೂಆರ್ ಚೌಕವನ್ನು ಮೊಬೈಲಿಗೆ ತೋರಿಸಿದರೆ ತಾವೇ ಮಾತಾಡಿಕೊಳ್ಳುತ್ತವೆ, ನಡುವೆ ದುರುಗೇಶನೆಂಬ ನಾನು ಬೇಕಾಗಿಲ್ಲ. ಚನ್ನಬಸಪ್ಪನವರು ಗಂಟಲು ಸರಿಮಾಡಿಕೊಂಡು, “ನಿನ್ನ ವಿದ್ಯಾ ಆಫ್ ಆತಲ್ಲೋ” ಅಂದರು. ಆನ್ ಮಾಡು ಅಂತ ಮಾತ್ರ ಹೇಳಲಿಲ್ಲ. ಕೊಟ್ಟೂರಿನ ಸಂಗತಿ ನಡೆದದ್ದು ಇದೆಲ್ಲ ಆಗುವ ಮೊದಲು, ನಾನಿನ್ನೂ ಮೆರೆಯುತ್ತಿದ್ದ ಕಾಲದಲ್ಲಿ.

ಕೊಟ್ಟೂರಿನಲ್ಲಿ ಕೊಟ್ರಪ್ಪ, ಸಿದ್ದೇಶ ಅಂತ ಅಣ್ಣತಮ್ಮಂದಿರು. ಅಣ್ಣನದು ಮಂಡಕ್ಕಿ ಭಟ್ಟಿ. ತಮ್ಮನದು ರೊಟ್ಟಿ ವ್ಯಾಪಾರ. ಹೆಂಡತಿ ಶೋಭಾ ಕೆಲಸದವರನ್ನು ಕೂರಿಸಿಕೊಂಡು ಖಡಕ್ ರೊಟ್ಟಿ ಮಾಡಿಸುತ್ತಾಳೆ, ಸಿದ್ದೇಶ ಅದನ್ನು ಹೊಸಪೇಟೆ, ದಾವಣಗೆರೆಯ ಅಂಗಡಿಗಳಿಗೆ ಕೊಟ್ಟು ಬರುತ್ತಾನೆ. ಮನೆ ಒಂದೇ, ಒಂದು ಕಡೆ ಭಟ್ಟಿ, ಇನ್ನೊಂದು ಕಡೆ ರೊಟ್ಟಿ ಮನೆ. ಎರಡರ ನಡುವೆ ಒಂದು ಬಾಗಿಲು, ಅದಕ್ಕೆ ಅಗುಳಿ ಹಾಕಿದ್ದನ್ನು ಯಾರೂ ಕಂಡಿಲ್ಲ. ಕೊಟ್ರಪ್ಪನವರ ಹೆಂಡತಿ ಗಿರಿಜಮ್ಮ ಆ ಮನೆಗೆ ಸೊಸೆಯಾಗಿ ಬಂದಾಗ ಸಿದ್ದೇಶ ಶಾಲೆಗೆ ಹೋಗುವ ಹುಡುಗ. ತಾಯಿಯಿಲ್ಲದವನಿಗೆ ತಲೆ ಬಾಚಿ ಕಳಿಸಿದವರು ಅವರೇ.

ಮೋಡೆಮ್ ಒಂದೇ ಸಾಕು, ಕ್ಯಾಮೆರಾದ ಡಬ್ಬಿ ಎರಡು ಬೇಕು ಅಂದರು. ಭಟ್ಟಿಯಲ್ಲಿ ಚೀಲ ಹೇರುವುದು ಅಣ್ಣನ ಮೊಬೈಲಿಗೆ, ರೊಟ್ಟಿಯ ಅಟ್ಟಿ ತಮ್ಮನ ಮೊಬೈಲಿಗೆ. ಎರಡಕ್ಕೂ ಬೇರೆ ಬೇರೆ ಪಾಸ್‌ವರ್ಡ್ ಕೊಡಿ ಅಂದೆ. ಕೊಟ್ರಪ್ಪ ನನ್ನನ್ನು ತಪ್ಪು ಮಾತಾಡಿದವನಂತೆ ನೋಡಿ, “ಒಂದ ಮನಿಗೆ ಎರಡು ಕೀಲಿ ಯಾಕಪ್ಪ?” ಅಂದರು. ಯಾವುದನ್ನು ಮೊದಲು ಕೂಡಿಸಲಿ ಎಂದು ಕೇಳಿದರೆ ಸಿದ್ದೇಶನೇ, ಮೊದಲು ಅಣ್ಣಂದು, ಆಮೇಲೆ ನಮ್ಮದು ಅಂದ. ಅಣ್ಣನ ಡಬ್ಬಿ ಮೊದಲು ಆನ್ ಆಯಿತು, ಮೋಡೆಮ್ ಒಂದನೇ ನಂಬರ್ ತಾನಿಟ್ಟುಕೊಂಡು ಅದಕ್ಕೆ ಎರಡನೇದು ಕೊಟ್ಟಿತು. ತಮ್ಮನದಕ್ಕೆ ಮೂರನೇದು. ಎರಡನೇ ನಂಬರಿನದು ಅಣ್ಣನಿಗೆ ಕಾಣಲಿ, ಮೂರನೇದು ತಮ್ಮನಿಗೆ ಕಾಣಲಿ ಎಂದು ಖಾನೆ ತುಂಬಿದೆ. ಹೊರಗೆ ನಿಂತು ಡೇಟಾದಲ್ಲಿ ನೋಡಿದೆ. ಚಹಾ ಕುಡಿದೆ. ಎಲ್ಲ ಇನ್ವರ್ಟರಿನ ಮೇಲಿದ್ದುದರಿಂದ ಕರೆಂಟ್ ಹೋದರೂ ಡಬ್ಬಿಗಳು ಆರುತ್ತಿರಲಿಲ್ಲ. ಬಹಳ ದಿನ ಅಲ್ಲಿಂದ ಒಂದು ದೂರೂ ಬರಲಿಲ್ಲ.

ಬಂದದ್ದು ಗಿರಿಜಮ್ಮನವರ ಫೋನ್. ನಾನು ಆಗ ಹರಪನಹಳ್ಳಿಯ ಒಂದು ಕಂಬದ ಮೇಲಿದ್ದೆ.

“ಅವತ್ತು ಬಂದು ಕ್ಯಾಮೆರಾ ಕೂಡಿಸಿದಾಂವ ನೀನ ಏನಪ್ಪ?” ಅಂದರು. ಹೌದು ಅಂದೆ. “ನಮ್ಮನಿಯವ್ರು ಅಂಥಾವ್ರಲ್ಲ. ನೀ ಬಂದು ಹೇಳು. ಗೌಂಡಿ ಬಂದು ಕುಂತಾನ, ನಡುಬಾಗ್ಲಾ ಮುಚ್ಚಾಕ.”

ಹೋದ ಮೇಲೆ ತಿಳಿದ ಕಥೆ ಇಷ್ಟು. ಅಮಾವಾಸ್ಯೆಯ ಹೊತ್ತಿಗೆ ಗಿರಿಜಮ್ಮ, ಕೊಟ್ರಪ್ಪ ಇಬ್ಬರೂ ಅರಸೀಕೆರೆಗೆ, ಗಿರಿಜಮ್ಮನವರ ತವರಿನ ತೊಟ್ಟಿಲ ಕಾರ್ಯಕ್ಕೆ ಹೋಗಿದ್ದರು. ಅಲ್ಲಿ ಕುಳಿತು ಕೊಟ್ರಪ್ಪ ಭಟ್ಟಿ ನೋಡೋಣವೆಂದು ಮೊಬೈಲ್ ತೆರೆದರೆ ಭಟ್ಟಿಯ ಬದಲು ತಮ್ಮನ ರೊಟ್ಟಿ ಮನೆ ಕಾಣಿಸಿತು. ಮೂಲೆಯ ಒಲೆಯ ಮುಂದೆ ಶೋಭಾ. ಭಾವನ ಎದುರು ತಲೆಯ ಮೇಲಿನ ಸೆರಗು ಜಾರಗೊಡದ ಹೆಣ್ಣುಮಗಳು, ಅಲ್ಲಿ ಒಲೆಯ ಝಳಕ್ಕೆ ಸೆರಗನ್ನು ಸೊಂಟಕ್ಕೆ ಬಿಗಿದು ಕೂತಿದ್ದಳು. ಕೊಟ್ರಪ್ಪ ಮೊಬೈಲನ್ನು ಜೇಬಿಗೆ ಹಾಕಿಕೊಂಡರು. ಯಾರಿಗೆ ಏನೆಂದು ಹೇಳುವುದು? ಊರಿಗೆ ಬಂದ ಮೇಲೆ, ಸರಿಹೋಗಿರಬಹುದೆಂದು ಭಟ್ಟಿಯಲ್ಲಿ ಕುಳಿತು ಇನ್ನೊಮ್ಮೆ ತೆರೆದಿದ್ದಾರೆ. ಅದೇ ಹೊತ್ತಿಗೆ ಶೋಭಾ ಚಹಾ ತಂದಿದ್ದಾಳೆ. ತನ್ನದೇ ಒಲೆ ಭಾವನ ಕೈಯಲ್ಲಿ ಕಂಡಿದೆ. ಏನು ಭಾವ ಇದು ಎಂದು ಕೇಳಿದರೆ ಅವರ ಬಾಯಿಂದ ಬಂದದ್ದು, ಅದು ತಾನಾಗಿ ಬಂತವ್ವ, ಅಷ್ಟೇ. ತಪ್ಪು ಮಾಡಿದವರೆಲ್ಲ ಹೇಳುವ ಮಾತು ಅದೇ. ಸಿದ್ದೇಶ ಅವತ್ತೇ ಇಟ್ಟಿಗೆ ತರಿಸಿದ.

ನಾನು ಹೋದಾಗ ಗೋಡೆ ಕಟ್ಟುವ ಗೌಂಡಿ ನಡುಬಾಗಿಲಿನ ಪಕ್ಕ ತೊಟ್ಟಿಯಲ್ಲಿ ಇಟ್ಟಿಗೆ ನೆನೆಹಾಕಿ, ಬೀಡಿ ಹಚ್ಚಿ ಕೂತಿದ್ದ. ಕೊಟ್ರಪ್ಪ ಭಟ್ಟಿ ಕಡೆಯ ಕುರ್ಚಿಯಲ್ಲಿ ತಲೆ ತಗ್ಗಿಸಿದ್ದರು. ಸಿದ್ದೇಶ ನನ್ನನ್ನು ಕಂಡಕೂಡಲೇ, “ನಮ್ಮದು ಅವರ ಮೊಬೈಲಿಗೆ ಹಾಕು ಅಂತ ನಿನಗ ಯಾರು ಹೇಳಿದ್ರಲೇ?” ಅಂದ. ಅಲ್ಲಿಗೆ ನಾನೂ ಕಟಕಟೆಯೊಳಗೆ ನಿಂತ ಹಾಗಾಯಿತು. ಅವನ ಲೆಕ್ಕದಲ್ಲಿ ನಾನು ಅಣ್ಣನ ಕಡೆಯವನು, ನಾನೇ ಕದ್ದು ಕೂಡಿಸಿ ಕೊಟ್ಟವನು.

ಮೋಡೆಮ್ಮಿನ ಪುಟ ತೆರೆದೆ. ಖಾನೆಗಳೆಲ್ಲ ನಾನು ತುಂಬಿದ ಹಾಗೆಯೇ ಇವೆ. ಏನಾದರೂ ತಪ್ಪಿದ್ದರೆ ತಿದ್ದಬಹುದಿತ್ತು. ಎಲ್ಲ ಸರಿ ಇದ್ದರೆ ಕೊಟ್ರಪ್ಪನವರೇ ಏನೋ ಮಾಡಿದ್ದಾರೆ ಎಂದಾಗುತ್ತದೆ. ಚನ್ನಬಸಪ್ಪನವರಿಗೆ ಫೋನ್ ಹಚ್ಚಿದೆ. ಅವರು ತಮ್ಮ ಔಷಧ ಹೇಳಿದರು. ಕೈ ಸ್ವಿಚ್ಚಿನವರೆಗೂ ಹೋಗಿತ್ತು. ಆಫ್ ಮಾಡಿದ್ದರೆ ಇದ್ದ ಒಂದು ಸಾಕ್ಷಿಯೂ ಅಳಿದುಹೋಗುತ್ತಿತ್ತು. ಕೈ ನಿಂತದ್ದು ನನ್ನ ಬುದ್ಧಿವಂತಿಕೆಯಿಂದಲ್ಲ. ಸ್ವಿಚ್ಚಿನ ಮೇಲೆ ವಿಭೂತಿ, ಕುಂಕುಮ ಒಣಗಿದ್ದವು. ಮೋಡೆಮ್ಮಿನ ತಲೆಯ ಮೇಲೆ ಬಾಡಿದ ಸೇವಂತಿಗೆ, ಪಕ್ಕದಲ್ಲಿ ಸುಕ್ಕಾದ ನಿಂಬೆಹಣ್ಣು.

ನಮ್ಮ ಕಡೆ ಅಮಾವಾಸ್ಯೆಗೆ ಲಾರಿಗೂ ಪೂಜೆ, ತಕ್ಕಡಿಗೂ ಪೂಜೆ. ಯಂತ್ರ ಬಂದ್ ಮಾಡಿ, ಒರೆಸಿ, ಕುಂಕುಮ ಹಚ್ಚಿ, ಕಾಯಿ ಒಡೆದು ಮತ್ತೆ ಚಾಲೂ ಮಾಡುತ್ತಾರೆ. ಈ ಮನೆಯಲ್ಲೂ ಹಾಗೇ ಮಾಡುತ್ತೀರಾ ಎಂದು ಕೇಳಿದೆ. ಪ್ರತಿ ಅಮಾವಾಸ್ಯೆಗೂ ಮಾಡುತ್ತೇನೆ ಅಂದರು ಗಿರಿಜಮ್ಮ. ಆನ್ ಮಾಡುವಾಗ ಯಾವುದು ಮೊದಲು?

“ಹಿರೇರದು ಮೊದ್ಲು. ಆಮ್ಯಾಲೆ ಸಿದ್ದೇಶಂದು. ಇದನ್ನೂ ಕೇಳ್ತಾರೇನು?” ಅಂದರು.

“ಈ ಸಲ ಯಾರು ಮಾಡಿದ್ರು?”

ಶೋಭಾ ಒಲೆಯ ಕಡೆಯಿಂದಲೇ, “ನಾನ. ಅಕ್ಕ ಊರಾಗ ಇರಲಿಲ್ಲ” ಅಂದಳು. ಸ್ವಲ್ಪ ತಡೆದು, ರೊಟ್ಟಿ ಬಡಿಯುವವರು ಕಾಯುತ್ತಿದ್ದರು, ಹಾಗಾಗಿ ನಮ್ಮದನ್ನೇ ಮೊದಲು ಚಾಲೂ ಮಾಡಿದೆ ಅಂದಳು. ಗಿರಿಜಮ್ಮ ಅವಳ ಮುಖ ನೋಡಿದರು. ಒಂದು ಜಗಳ ಮುಗಿಯುವ ಮುಂಚೆ ಇನ್ನೊಂದಕ್ಕೆ ಕೊಳ್ಳಿ ಇಟ್ಟೆನೇನೋ ಅನ್ನಿಸಿತು.

ಆದರೆ ನನಗೆ ಗಂಟು ಸಿಕ್ಕಿತ್ತು. ಮೋಡೆಮ್ ಹತ್ತಿರ ಯಾರು ಯಾವ ನಂಬರಿನಲ್ಲಿ ಕೂತಿದ್ದಾರೆ ಎಂದು ತೋರಿಸುವ ಪುಟವಿದೆ. ತೆಗೆದು ನೋಡಿದೆ. ಎರಡನೇ ನಂಬರಿನಲ್ಲಿ ರೊಟ್ಟಿ ಮನೆಯ ಡಬ್ಬಿ, ಮೂರನೇದರಲ್ಲಿ ಭಟ್ಟಿಯದು. ಬಂದ್ ಆದರೆ, ಬರೆದಿಟ್ಟ ಖಾನೆ ಉಳಿಸಿಕೊಂಡು ಹಳೆಯ ನಂಬರುಗಳನ್ನೆಲ್ಲ ಮರೆತುಬಿಡುವ ಅಗ್ಗದ ಮೋಡೆಮ್, ಅಗ್ಗದ ಡಬ್ಬಿಗಳು ಅವು. ಯಾರು ಮೊದಲು ಎದ್ದರೋ ಅವರಿಗೆ ಮೊದಲ ಜಾಗ. ಇಷ್ಟು ದಿನ ಮನೆಯ ಹಿರಿತನದ ಪದ್ಧತಿಯೇ ನನ್ನ ಖಾನೆಗಳನ್ನು ಕಾದಿತ್ತು. ನಾನೋ, ನನ್ನ ವಿದ್ಯೆ ಕಾದಿದೆ ಅಂದುಕೊಂಡಿದ್ದೆ.

ಇದನ್ನು ಅವರಿಗೆ ತಿಳಿಸುವುದು ಹೇಗೆ? ನಂಬರ್ ಅಂದರೆ ಯಾರೂ ಕೇಳುವ ಸ್ಥಿತಿಯಲ್ಲಿಲ್ಲ. ಕೂಡ್ಲಿಗಿ–ಕೊಟ್ಟೂರು ಬಸ್ಸಿನ ಕಂಡಕ್ಟರ್ ಒಬ್ಬರಿದ್ದರು, ಮೂಗಿನಿಂದ ಮಾತಾಡುವವರು. ಅವರ ಧ್ವನಿ ತೆಗೆದೆ. “ಮೊದ್ಲು ಯಾರು ಹತ್ತಿದ್ರಿ? ಬರ್ರಿ, ಎರಡನೇ ಸೀಟು. ಯಾರ ಅಣ್ಣ, ಯಾರ ತಮ್ಮ, ನನಗ ಗೊತ್ತಿಲ್ಲ. ಹಿಂದ ಹತ್ತಿದಾಂವ ಮೂರನೇ ಸೀಟಿಗೆ ನಡಿ.” ಸಿದ್ದೇಶ, ನಾಟಕ ಬ್ಯಾಡ ಅಂತ ಗದರಿದ. ಬೀಡಿ ಸೇದುತ್ತಿದ್ದ ಗೌಂಡಿ ಮಾತ್ರ, “ಹೌದ್ರೀ, ಅಂವ ಹಂಗ ಅಂತಾನ” ಅಂದ. ನಾನು ನನ್ನ ಧ್ವನಿಗೆ ಮರಳಿ ಹೇಳಿದೆ: ಎರಡನೇ ಸೀಟಿನಲ್ಲಿ ಕೂತವರನ್ನು ಯಜಮಾನರಿಗೆ ತೋರಿಸು ಅಂತ ನಾನು ಬರೆದಿಟ್ಟಿದ್ದೆ. ಅಮಾವಾಸ್ಯೆಯ ದಿನ ಆ ಸೀಟಿನಲ್ಲಿ ಕೂತವರು ಬೇರೆ. ಅವರ ಮೊಬೈಲ್ ಅದನ್ನೇ ತೋರಿಸಿದೆ. ಎರಡಕ್ಕೂ ಪಾಸ್‌ವರ್ಡ್ ಒಂದೇ ಇದ್ದುದರಿಂದ ನಡುವೆ ಯಾರೂ ತಡೆಯಲಿಲ್ಲ.

“ಬಾಯ್ಲೆ ಹೇಳಿದ್ರ ಆತೇನು?” ಅಂದ ಸಿದ್ದೇಶ.

“ಬಾಯ್ಲೆ ಬ್ಯಾಡ್ರಿ. ನಿಮ್ಮ ಮೊಬೈಲ್ ತಗೀರಿ” ಅಂದೆ. ರೊಟ್ಟಿ ಮನೆ ಅಣ್ಣನಿಗೆ ಹೋಗಿದ್ದರೆ ಭಟ್ಟಿ ತಮ್ಮನಿಗೆ ಬಂದಿರಲೇಬೇಕು.

ನಂದ್ಯಾಕ ಅಂದ. ನಾನದನ್ನ ಈ ವಾರ ತೆರೆದೇ ಇಲ್ಲ ಅಂದ. ಶೋಭಾ ಕೈ ಒರೆಸಿಕೊಂಡು ಬಂದು, ಅಂಗಿ ಜೇಬಿನಿಂದ ಅವನ ಮೊಬೈಲ್ ತೆಗೆದು ನನ್ನ ಕೈಗಿಟ್ಟಳು. ತೆರೆದೆ. ಭಟ್ಟಿಯ ಅಂಗಳ, ಚೀಲಗಳ ಸಾಲು, ಕುರ್ಚಿಯಲ್ಲಿ ತಲೆ ತಗ್ಗಿಸಿ ಕೂತ ಕೊಟ್ರಪ್ಪ. ಎಲ್ಲರೂ ಒಮ್ಮೆ ಮೊಬೈಲನ್ನು, ಒಮ್ಮೆ ಕುರ್ಚಿಯನ್ನು ನೋಡಿದರು.

ಅಲ್ಲಿಯತನಕ ಬಾಯಿ ಬಿಡದಿದ್ದ ಕೊಟ್ರಪ್ಪ ಆಗ ತಲೆ ಎತ್ತಿದರು. ದನಿಯಲ್ಲಿ ಸಿಟ್ಟಿರಲಿಲ್ಲ, ಲೆಕ್ಕ ತಾಳೆಯಾದ ಸಮಾಧಾನವಿತ್ತು.

“ಅದಕ ಏನು, ನಿನ್ನಿ ಹೊಸಪೇಟಿಂದ ಫೋನ್ ಮಾಡಿ, ಅಣ್ಣ ಮಿರ್ಚಿ ಕಡಿಮಿ ಮಾಡು ಅಂದಿ? ನಾ ತಿನ್ನಾದು ಹೊಸಪೇಟಿಗೆ ಹೆಂಗ ಗೊತ್ತಾತು ಅಂತ ನಾನೂ ವಿಚಾರ ಮಾಡಾಕ ಹತ್ತಿದ್ದೆ.”

“ಮಿರ್ಚಿ?” ಅಂದರು ಗಿರಿಜಮ್ಮ. ಕೊಟ್ರಪ್ಪನವರಿಗೆ ಡಾಕ್ಟರು ಎಣ್ಣೆಯಲ್ಲಿ ಕರಿದದ್ದನ್ನು ಬಿಡಿಸಿದ್ದರು. ಒಂದು ಆಪಾದನೆಯಿಂದ ಬಿಡುಗಡೆಯಾಗುತ್ತಿದ್ದ ಮನುಷ್ಯ ಇನ್ನೊಂದರಲ್ಲಿ ಸಿಕ್ಕಿಬಿದ್ದರು. ನಗು ಮುಚ್ಚಿಕೊಳ್ಳಲು ನಾನು ಮೋಡೆಮ್ಮಿನ ದೀಪ ನೋಡುವವನಂತೆ ಬಗ್ಗಿದೆ.

ನಗದವಳು ಶೋಭಾ. ಗಂಡನನ್ನೇ ನೋಡುತ್ತಿದ್ದಳು. ಅಮಾವಾಸ್ಯೆಯಿಂದ ಇವನೂ ಅಣ್ಣನ ಅಂಗಳ ನೋಡುತ್ತಲೇ ಇದ್ದಾನೆ. ಎಷ್ಟು ಚೀಲ ಹೋದವು, ಯಾರು ಬಂದರು, ಏನು ತಿಂದರು. ಅದು ತಾನಾಗಿ ಬಂದದ್ದೆಂದು ಇವನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಇಟ್ಟಿಗೆ ತರಿಸಿದ್ದಾನೆ.

“ಭಾವಗ ಹೇಳಾಕ ಬಾಯಿ ಬರಲಿಲ್ಲ,” ಅಂದಳು ಅವಳು. “ನಿಮಗ ಹೇಳಾಕ ಮನಸ್ಸು ಬರಲಿಲ್ಲ.”

ನಾನು ಆ ಹೊತ್ತಿಗೆ ಬೇಕಾದ ಕೆಲಸ ಮಾಡಿದೆ. ಎಲ್ಲ ಆಫ್ ಮಾಡಿ ಅಣ್ಣನ ಡಬ್ಬಿ ಮೊದಲು ಆನ್ ಮಾಡಿದೆ, ಭಟ್ಟಿ ಭಟ್ಟಿಯಲ್ಲಿ, ರೊಟ್ಟಿ ರೊಟ್ಟಿಯಲ್ಲಿ ಬಂತು. ಮತ್ತೆ ಆಫ್ ಮಾಡಿ ತಮ್ಮನದನ್ನು ಮೊದಲು ಆನ್ ಮಾಡಿದೆ, ಎರಡೂ ಅದಲುಬದಲಾದವು. ಗಿರಿಜಮ್ಮ ಇನ್ನೊಮ್ಮೆ ತೋರಿಸು ಅಂದರು, ತೋರಿಸಿದೆ. ಆಮೇಲೆ ಗೂಟ ಹೊಡೆದೆ. ಪ್ರತಿ ಡಬ್ಬಿಗೂ ಹುಟ್ಟುವಾಗಲೇ ಬಂದ ಒಂದು ಗುರುತಿನ ಸಂಖ್ಯೆ ಇರುತ್ತದೆ. ಆ ಸಂಖ್ಯೆಯ ಡಬ್ಬಿಗೆ ಯಾವಾಗ ಎದ್ದರೂ ಇದೇ ನಂಬರ್ ಕೊಡು ಎಂದು ಮೋಡೆಮ್ಮಿಗೆ ಹೇಳಿಡಬಹುದು. ಹೊಸಬರೇ, ಖಾನೆ ತುಂಬುವ ಮೊದಲು ಮಾಡಬೇಕಾದ ಕೆಲಸ ಇದು. ಕುರಿ ಕಟ್ಟುವವರ ಮನೆಯಲ್ಲಿ ಹುಟ್ಟಿದ ನಾನೇ ಗೂಟ ಮರೆತಿದ್ದೆ. ಪಾಸ್‌ವರ್ಡನ್ನೂ ಬೇರೆ ಬೇರೆ ಮಾಡಿದೆ. ಈ ಸಲ ಕೊಟ್ರಪ್ಪ ಬೇಡ ಅನ್ನಲಿಲ್ಲ. ಅದನ್ನು ನೋಡಿ ನನಗೇ ಒಂಥರಾ ಆಯಿತು.

ಸಾಮಾನು ಚೀಲಕ್ಕೆ ಹಾಕುತ್ತಿದ್ದೆ. ಶೋಭಾ ತಲೆಯ ಮೇಲೆ ಸೆರಗು ಸರಿಮಾಡಿಕೊಂಡು ಕೊಟ್ರಪ್ಪನವರ ಕುರ್ಚಿಯ ಹತ್ತಿರ ಬಂದಳು. ಗೌಂಡಿ ಕೇಳುತ್ತಿದ್ದ, ನಾನು ಕೇಳುತ್ತಿದ್ದೆ. ತಪ್ಪಾಯಿತು ಅನ್ನಲಿಲ್ಲ.

“ತಮ್ಮಾ,” ಅಂದಳು ನನಗೆ, “ರೊಟ್ಟಿ ಮನಿದು ಭಾವನ ಮೊಬೈಲಿನ್ಯಾಗೂ ಬರಂಗ ಮಾಡು. ಅವರೂ ನೋಡ್ಲಿ.”

ಕೊಟ್ರಪ್ಪ ಕೈ ಅಡ್ಡ ಮಾಡಿ, “ನನಗ ಬ್ಯಾಡವ್ವ. ಹಾಕಾದಿದ್ರ ನಿಮ್ಮಕ್ಕನ ಫೋನಿಗೆ ಹಾಕ್ಸು” ಅಂದರು.

ಗಿರಿಜಮ್ಮ ಸೊಂಟದ ಎಲೆಚೀಲದಿಂದ ಫೋನ್ ತೆಗೆದು ನನ್ನ ಕೈಗೆ ಕೊಟ್ಟರು. ಗುಂಡಿ ಒತ್ತುವ ಫೋನ್, ರಬ್ಬರ್ ಬ್ಯಾಂಡ್ ಹಾಕಿದ್ದು. ಐದು ತಾಲೂಕಿನ ಪಂಡಿತ ಅದನ್ನು ಹಿಂದೆ ಮುಂದೆ ತಿರುವಿ ನೋಡಿ, ಇದರಾಗ ಬರಂಗಿಲ್ರಿ ಅಂದೆ.

“ಮತ್ತ ನಾ ಹೆಂಗ ನೋಡ್ಲಿ?”

“ಎದ್ದು ಬಂದು ನೋಡ್ರಿ ಅಕ್ಕ,” ಅಂದಳು ಶೋಭಾ. “ಬಾಗ್ಲಾ ಐತೆಲ್ಲ.”

ಗೌಂಡಿ ಬೀಡಿ ನೆಲಕ್ಕೆ ಒತ್ತಿ, ಮತ್ತ ನೆನಸಿದ ಇಟ್ಟಂಗಿ ಏನು ಮಾಡ್ಲಿ ಎಂದು ಯಾರಿಗೂ ಅಲ್ಲದಂತೆ ಕೇಳಿದ. ಸಿದ್ದೇಶ ಯಾರ ಮುಖವನ್ನೂ ನೋಡದೆ ಪ್ಯಾಂಟು ಮೊಣಕಾಲಿಗೆ ಮಡಚಿ ತೊಟ್ಟಿಯ ಹತ್ತಿರ ಕುಕ್ಕರಗಾಲಲ್ಲಿ ಕೂತು, ಇಟ್ಟಿಗೆಗಳನ್ನು ಒಂದೊಂದಾಗಿ ನೀರಿನಿಂದ ತೆಗೆದು ಬಿಸಿಲಿಗೆ ಇಡತೊಡಗಿದ.